ಯಕ್ಷಗಾನದ ಫೋಟೊಗೆ ಡಿಎಸ್‌ಎಲ್‌ಆರ್, ಜೊತೆಗೆ ಒಂದು ಜೂಮ್ ಲೆನ್ಸ್: ಒಂದೂವರೆ ಲಕ್ಷದೊಳಗೆ ಆಗುತ್ತದಾ?

ಶರಾವತಿದಂಡೆ
ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದ ಕಡೆಯವನು. ನನ್ನ ಹತ್ತಿರ ನಿಕಾನ್ ಡಿ5600 ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದೆ, ಅದರ ಜೊತೆಗೇ ಬಂದ 18-55 ಮತ್ತು 70-300 ಲೆನ್ಸುಗಳಿವೆ. ಹಗಲು ಹೊತ್ತು ಏನೂ ತಕರಾರಿಲ್ಲ. ರಾತ್ರಿ ಆಟಕ್ಕೆ ಹೋದಾಗ ಮಾತ್ರ ಸೋತು ಬರುತ್ತೇನೆ. ಮೊನ್ನೆ ನಮ್ಮೂರಲ್ಲಿ ಬಯಲಾಟ ಇತ್ತು. ಮಂಡಿ ಹಾಕುವಾಗ, ಅಂದರೆ ಮೊಣಕಾಲೂರಿ ಗಿರಗಿರ ತಿರುಗುವಾಗ, ಒಂದೇ ಸಮನೆ ಒತ್ತಿ 140 ಫೋಟೊ ತೆಗೆದೆ, ಮನೆಗೆ ಬಂದು ನೋಡಿದರೆ ನೆಟ್ಟಗೆ ಬಂದದ್ದು ನಾಲ್ಕು. ಮುಖ ಮಸುಕು, ಕೈ ಇರಬೇಕಾದಲ್ಲಿ ಹೊಗೆ ಥರ ಏನೋ ಇದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಕಪ್ಪು ಭಾಗದಲ್ಲೆಲ್ಲ ರವೆ ಚೆಲ್ಲಿದ ಹಾಗೆ.

ಪೇಟೆಯ ಅಂಗಡಿಯವರು "ಪ್ರೊಫೆಷನಲ್ ಬಾಡಿ ತಗೊಳ್ಳಿ, ಎಲ್ಲ ಸರಿಹೋಗುತ್ತದೆ" ಅಂತಾರೆ. ಫುಲ್ ಫ್ರೇಮ್ ಬಾಡಿ (ಫೋಟೊ ಹಿಡಿಯುವ ಸೆನ್ಸರು ದೊಡ್ಡದಿರುವ ಕ್ಯಾಮೆರಾ), ಅದರ ಮೇಲೆ 24-120 ಎಫ್ 4 ಲೆನ್ಸು, ಇದು ಅವರ ಸಲಹೆ. ಅಡಿಕೆ ದುಡ್ಡು ಬಂದಿದೆ, ಒಂದೂವರೆ ಲಕ್ಷದ ತನಕ ಹಾಕಬಹುದು. ಮನೆಯಲ್ಲಿ ಇನ್ನೂ ಹೇಳಿಲ್ಲ. ಹೊಸದೋ, ಸೆಕೆಂಡ್ ಹ್ಯಾಂಡೋ, ಯಾವ ಬಾಡಿ, ಯಾವ ಜೂಮು? ಗೊತ್ತಿದ್ದವರು ಹೇಳಿ.

ಸ್ಟುಡಿಯೋಮಾವ
ತಮ್ಮಾ, ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಹಿಂದುಮುಂದಾಗಿದೆ. ಮೊದಲು ಲೆನ್ಸು, ಆಮೇಲೆ ಬಾಡಿ.

ಲೆಕ್ಕ ನೋಡು. ನಿನ್ನ 70-300 ಜೂಮ್ ಮಾಡುತ್ತಾ ಹೋದ ಹಾಗೆ ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ, ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು) 5.6 ದಾಟಿ 6.3ಕ್ಕೆ ಬಂದು ನಿಲ್ಲುತ್ತದೆ. 5.6ರ ಜಾಗದಲ್ಲಿ 2.8 ಇದ್ದರೆ ಒಳಗೆ ಬರುವ ಬೆಳಕು ನಾಲ್ಕು ಪಟ್ಟು. ಅಂದರೆ ಈಗ 1/125 ಸೆಕೆಂಡಿನಲ್ಲಿ ತೆಗೆಯುತ್ತಿದ್ದ ಫೋಟೊವನ್ನು ಅದೇ ಐಎಸ್‌ಒದಲ್ಲಿ 1/500ರಲ್ಲಿ ತೆಗೆಯಬಹುದು. ಕೈ ಹೊಗೆಯಾಗುವುದು ಅಲ್ಲಿಗೆ ನಿಂತಿತು. ಬಾಡಿ ಬದಲಿಸಿ ಫುಲ್ ಫ್ರೇಮಿಗೆ ಹೋದರೆ ಸಿಗುವುದು ಹೆಚ್ಚುಕಡಿಮೆ ಒಂದು ಸ್ಟಾಪು (ಒಂದು ಸ್ಟಾಪು ಅಂದರೆ ಬೆಳಕು ಎರಡು ಪಟ್ಟು), ಲೆನ್ಸಿನಿಂದ ಸಿಗುವುದು ಎರಡು ಸ್ಟಾಪು. ದುಡ್ಡು ಎಲ್ಲಿ ಹಾಕಬೇಕು ಅಂತ ನೀನೇ ಹೇಳು.

ಅವರು ಹೇಳಿದ 24-120 ಮದುವೆ ಮನೆಗೆ ಒಳ್ಳೇ ಲೆನ್ಸು, ನಾನೇ ವರ್ಷಗಟ್ಟಲೆ ಹೊಡೆದಿದ್ದೇನೆ. ಆಟಕ್ಕೆ ಉದ್ದ ಸಾಲುವುದಿಲ್ಲ, ಬೆಳಕೂ ಸಾಲುವುದಿಲ್ಲ. ನಿನಗೆ ಬೇಕಾದ್ದು 70-200 ಎಫ್ 2.8. ನಿಕಾನಿನವರ ವಿಆರ್ 2 ಅಂತ 2009ರಲ್ಲಿ ಬಂದದ್ದಿದೆ, ಅಥವಾ 2017ರಲ್ಲಿ ಬಂದ ಟ್ಯಾಮ್ರಾನ್ ಜಿ2. ಎರಡೂ ಸೆಕೆಂಡ್ ಹ್ಯಾಂಡಿನಲ್ಲಿ ಬೇಕಾದಷ್ಟು ಸಿಗುತ್ತವೆ. ಎರಡೂ ಒಂದೂವರೆ ಕೆಜಿ ಆಸುಪಾಸು, ಅದು ನೆನಪಿರಲಿ. ಬೆಳಗಿನ ಜಾವ ನಾಲ್ಕಕ್ಕೆ ಒಂದೂವರೆ ಕೆಜಿ ಹತ್ತು ಕೆಜಿ ಆಗಿರುತ್ತದೆ. ಒಂದು ಮೊನೊಪಾಡ್ ಇಟ್ಟುಕೋ.

ಕನ್ನಡಿಯಿಲ್ಲದವ
ಈಗಲೂ ಡಿಎಸ್‌ಎಲ್‌ಆರ್ ತಗೊಳ್ಳಿ ಅಂತ ಹೇಳುವವರಿದ್ದಾರಲ್ಲ ಅಂತ ಆಶ್ಚರ್ಯ. 2020ರ ನಂತರ ನಿಕಾನ್ ಆಗಲಿ ಕ್ಯಾನನ್ ಆಗಲಿ ಒಂದೇ ಒಂದು ಹೊಸ ಡಿಎಸ್‌ಎಲ್‌ಆರ್ ಬಾಡಿ ಬಿಟ್ಟಿಲ್ಲ. ನಿಕಾನಿನ ಡಿ6, ಡಿ780 ಎರಡೂ ಅದೇ ವರ್ಷದವು, ಅಲ್ಲಿಗೆ ಮುಗಿಯಿತು. ಸುಮ್ನೆ ಮುಗಿದು ಹೋದ ದಾರಿಗೆ ಯಾಕೆ ದುಡ್ಡು ಸುರಿಯುತ್ತೀರಿ? ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್ ಆದ ನಿಕಾನಿನ 2018ರ ಝಡ್6 ಈಗ ಸೆಕೆಂಡ್ ಹ್ಯಾಂಡಿನಲ್ಲಿ ಕೈಗೆಟುಕುವ ಬೆಲೆಗೆ ಬಂದಿದೆ. ಬಾಡಿಯೊಳಗೇ ನಡುಕ ತಡೆಯುವ ವ್ಯವಸ್ಥೆ ಇದೆ, ಒತ್ತುವ ಮೊದಲೇ ಫೋಟೊ ಎಷ್ಟು ಬೆಳ್ಳಗೆ ಬರುತ್ತದೆ ಅಂತ ವ್ಯೂಫೈಂಡರಿನಲ್ಲಿ ಕಾಣುತ್ತದೆ. ಮೇಲಾಗಿ ಶಬ್ದವೇ ಇಲ್ಲ.

ಸ್ಟುಡಿಯೋಮಾವ
ದಾರಿ ಮುಗಿದದ್ದಕ್ಕೇ ಬೆಲೆ ಇಳಿದಿದೆ ಮಾರಾಯಾ. ಮದುವೆ ಫೋಟೊದವರು ಮಿರರ್‌ಲೆಸ್‌ಗೆ ಹೋಗಿ ಹಳೇ ಎಫ್ ಮೌಂಟ್ (ನಿಕಾನ್ ಡಿಎಸ್‌ಎಲ್‌ಆರ್‌ಗೆ ಹೊಂದುವ) ಲೆನ್ಸು ಮಾರುತ್ತಿದ್ದಾರೆ. ಹತ್ತು ವರ್ಷದ ಹಿಂದೆ ನಾನು ಸಾಲ ಮಾಡಿ ತಗೊಂಡ ಲೆನ್ಸು ಈಗ ಅರ್ಧಕ್ಕಿಂತ ಕಡಿಮೆಗೆ ಹೋಗುತ್ತಿದೆ, ನನಗೆ ಹೊಟ್ಟೆ ಉರಿಯುತ್ತದೆ. ನಾಳೆ ಹುಡುಗ ಮಿರರ್‌ಲೆಸ್‌ಗೆ ಹೋದರೂ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಇದೇ 70-200 ನಡೆಸಬಹುದು. ಲೆನ್ಸಿನ ದುಡ್ಡು ಎಲ್ಲೂ ಹೋಗುವುದಿಲ್ಲ.

ಚೌಕಿಮನೆ
ನಾನು ಉಡುಪಿಯವಳು, ಹದಿನೈದು ವರ್ಷದಿಂದ ಆಟದ ಫೋಟೊ ತೆಗೆಯುತ್ತಿದ್ದೇನೆ. ಎಲ್ಲರೂ ಕ್ಯಾಮೆರಾದ ಬಗ್ಗೆಯೇ ಮಾತಾಡುತ್ತಿದ್ದೀರಿ, ಎಲ್ಲಿ ಕೂತುಕೊಳ್ಳುತ್ತೀರಿ ಅಂತ ಯಾರೂ ಕೇಳಲಿಲ್ಲ.

ರಂಗಸ್ಥಳದಿಂದ ಇಪ್ಪತ್ತು ಅಡಿ ದೂರ ಕೂತಿದ್ದೀರಿ ಅಂತ ಇಟ್ಟುಕೊಳ್ಳಿ. ಡಿ5600ರ ಸೆನ್ಸರು ಚಿಕ್ಕದು. ಅದರ ಮೇಲೆ 70-200 ಹಾಕಿ 70ಕ್ಕೇ ಇಟ್ಟು, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೂ ಫ್ರೇಮಿನೊಳಗೆ ಬರುವುದು ಸುಮಾರು ಆರೂವರೆ ಅಡಿ ಎತ್ತರ. ವೇಷಧಾರಿ, ಅವರ ತಲೆಯ ಮೇಲಿನ ಕಿರೀಟ ಎರಡೂ ಸೇರಿದರೆ ಆರೂವರೆ ಅಡಿ ಎಲ್ಲಿ ಸಾಕು? ಕಿರೀಟದ ತುದಿ ಹೋಗುತ್ತದೆ, ಇಲ್ಲವಾದರೆ ಗೆಜ್ಜೆ ಹೋಗುತ್ತದೆ. ಅದೇ ಜಾಗದಲ್ಲಿ ಫುಲ್ ಫ್ರೇಮ್ ಇದ್ದರೆ ಹತ್ತು ಅಡಿ ಬರುತ್ತದೆ, ಮೇಲೆ ಸ್ವಲ್ಪ ಕತ್ತಲು ಬಿಟ್ಟು ಚಂದವಾಗಿ ತೆಗೆಯಬಹುದು. ಹಾಗಾಗಿ ಲೆನ್ಸು ಮೊದಲು ಅನ್ನುವ ಮಾವನ ಮಾತು ನಾನೂ ಒಪ್ಪುತ್ತೇನೆ, ಆದರೆ ಡಿ5600 ಇರುವ ತನಕ ನಾಲ್ಕೈದು ಸಾಲು ಹಿಂದೆ ಕೂತುಕೊಳ್ಳಿ.

ಇನ್ನೊಂದು, ಬೆಳಕಿನ ಮಿನುಗು. ಈಗ ಎಲ್ಲ ಕಡೆ ಎಲ್‌ಇಡಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಅಗ್ಗದ ಎಲ್‌ಇಡಿ ಫ್ಲಡ್ ಲೈಟು ಅದಕ್ಕೆ ಸರಿಯಾಗಿ ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. 1/500ರಲ್ಲಿ ಒಂದೇ ಸಮನೆ ಹತ್ತು ಫೋಟೊ ತೆಗೆದು ನೋಡಿ, ಮೂರು ಬೆಳ್ಳಗೆ, ನಾಲ್ಕು ಮಂಕು, ಇನ್ನುಳಿದದ್ದರಲ್ಲಿ ಅರ್ಧ ಮುಖ ಹಳದಿ. ನಾನು ಮೊದಲು ಕ್ಯಾಮೆರಾ ಕೆಟ್ಟಿದೆ ಅಂತಲೇ ತಿಳಿದು ಸರ್ವಿಸ್‌ಗೆ ಹೋಗಿದ್ದೆ. ಇದಕ್ಕೆ ಆ್ಯಂಟಿ ಫ್ಲಿಕರ್ ಅಂತ ಒಂದು ಸೌಲಭ್ಯ ಇದೆ. ದೀಪ ಹೊಳೆಯುವ ಗಳಿಗೆ ನೋಡಿ ಕ್ಯಾಮೆರಾವೇ ಶಟರ್ ಬಿಡುತ್ತದೆ. ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ಮೊದಲು ಬಂತು, ನಿಕಾನಿನಲ್ಲಿ ಡಿ500, ಡಿ7500, ಡಿ850, ಡಿ780ರಲ್ಲಿ ಇದೆ. ಎಲ್ಲರೂ ಹೊಗಳುವ ಡಿ750ರಲ್ಲಿ ಫೋಟೊಗೆ ಈ ಸೌಲಭ್ಯ ಇಲ್ಲ. ಬಣ್ಣ ಬದಲಿಸುವ ಲೈಟುಗಳ ಮಿನುಗಿನ ಲಯವೇ ಬೇರೆ, ಅದಕ್ಕೆ ಇದೂ ಕೆಲಸ ಮಾಡುವುದಿಲ್ಲ. ಅಲ್ಲಿ 1/100ಕ್ಕೆ ಇಳಿದು, ಕುಣಿತ ಬಿಟ್ಟು ಅರ್ಥ ಹೇಳುವಾಗ ತೆಗೆಯುವುದೇ ದಾರಿ.

ರಾ ಫೈಲಿನಲ್ಲೇ (ಸೆನ್ಸರು ಹಿಡಿದದ್ದನ್ನು ಹಾಗೇ ಉಳಿಸುವ ಫೈಲು) ತೆಗೆಯಿರಿ. ಕೆಂಪು ಲೈಟು ಕೆಂಪು ವೇಷದ ಮೇಲೆ ಬಿದ್ದರೆ ಎಲ್ಲ ಕಲಸಿ ಒಂದು ಕೆಂಪು ಮುದ್ದೆ ಆಗುತ್ತದೆ, ಒಳಗಿನ ಗೆರೆ ಒಂದೂ ಉಳಿಯುವುದಿಲ್ಲ. ಹಿಸ್ಟೊಗ್ರಾಮಿನಲ್ಲಿ (ಫೋಟೊದ ಬೆಳಕನ್ನು ತೋರಿಸುವ ನಕ್ಷೆ) ಕೆಂಪು ಗೆರೆಯನ್ನೇ ಬೇರೆಯಾಗಿ ನೋಡಿಕೊಳ್ಳಿ.

ದಯವಿಟ್ಟು ಫ್ಲ್ಯಾಶ್ ಬೇಡ. ಫೋಕಸ್ ಸಿಗದಿದ್ದಾಗ ಮುಂದೆ ಹೊತ್ತಿಕೊಳ್ಳುವ ಆ ಚಿಕ್ಕ ದೀಪ ಇದೆಯಲ್ಲ, ಅದನ್ನೂ ಮೆನುವಿನಲ್ಲಿ ಆಫ್ ಮಾಡಿ. ಕುಣಿಯುವವರ ಕಣ್ಣಿಗೆ ನೇರ ಹೊಡೆಯುತ್ತದೆ. ಹಿಂದಿನ ಸ್ಕ್ರೀನೂ ಆಫ್. ನಿಮ್ಮ ಹಿಂದೆ ಕೂತವರಿಗೆ ಅದು ಟಿವಿ ಇಟ್ಟ ಹಾಗೆ.

ಶರಾವತಿದಂಡೆ
ಅಕ್ಕಾ, ಹಳದಿ ಮುಖ ನನ್ನ ಫೋಟೊದಲ್ಲೂ ಇದೆ! ಬಣ್ಣಗಾರಿಕೆ ಹಾಗಿರಬೇಕು ಅಂತ ಅಂದುಕೊಂಡಿದ್ದೆ.

ಹಾಗಾದರೆ ಬಾಡಿಗೆ ಡಿ500ಆ, ಡಿ750ಆ?

ಚೌಕಿಮನೆ
ನನ್ನ ಹತ್ತಿರ ಎರಡೂ ಇದ್ದವು. ಡಿ500 ಚಿಕ್ಕ ಸೆನ್ಸರಿನದು, ಸೆಕೆಂಡಿಗೆ 10 ಫೋಟೊ, ಫೋಕಸ್ ಬಿಂದುಗಳು 153. ಅವು ಫ್ರೇಮಿನ ಅಂಚಿನ ತನಕ ಹರಡಿವೆ. ಡಿ750ರಲ್ಲಿ 51, ಎಲ್ಲ ನಡುವೆ ಗುಂಪಾಗಿ ಕೂತಿವೆ. ಉದ್ದ ಫ್ರೇಮಿನಲ್ಲಿ ವೇಷ ಪೂರ್ತಿ ತೆಗೆಯುವಾಗ ಮುಖ ಬರುವುದು ಮೇಲೆ, ಅಲ್ಲಿಗೆ ಬಿಂದು ಎಟುಕುವುದಿಲ್ಲ. ನಡುವಲ್ಲಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ಕೆಳಗಿಳಿಸಿದರೆ, 200ರಲ್ಲಿ 2.8 ಇಟ್ಟಾಗ ಇಪ್ಪತ್ತು ಅಡಿಗೆ ಶಾರ್ಪ್ ಇರುವುದು ಅರ್ಧ ಅಡಿ ಮಾತ್ರ, ಅಷ್ಟರಲ್ಲಿ ಅವರು ಒಂದು ಹೆಜ್ಜೆ ಮುಂದೆ ಬಂದಿರುತ್ತಾರೆ. ನಮ್ಮ ತೆಂಕುತಿಟ್ಟಿನ ದಿಗಿಣಕ್ಕೆ (ಹಾರಿ ತಿರುಗುವ ಕುಣಿತ) ಡಿ500 ಒಳ್ಳೆಯದು. ಕತ್ತಲೆಗೆ ಡಿ750 ಒಳ್ಳೆಯದು. ಕತ್ತಲೆಗೂ ಆಗಬೇಕು, ಆ್ಯಂಟಿ ಫ್ಲಿಕರೂ ಬೇಕು ಅಂದರೆ ಡಿ780, ನಿಮ್ಮ ಬಜೆಟ್ಟಿಗೆ ಲೆನ್ಸಿನ ಜೊತೆ ಅದು ಹೊಂದುವುದು ಕಷ್ಟ.

ಹಳೇಗಾಜು
ಯಾರೂ 80-200 ಎಫ್ 2.8 ಡಿ ಹೆಸರೇ ಎತ್ತಲಿಲ್ಲವಲ್ಲ. ಪಂಪಿನ ಹಾಗೆ ಮುಂದೆ ಹಿಂದೆ ತಳ್ಳುವ ಹಳೇದು, ಕಬ್ಬಿಣದ ಹಾಗಿದೆ. 70-200ರ ಮೂರನೇ ಒಂದು ಭಾಗದ ಬೆಲೆಗೆ ಸಿಗುತ್ತದೆ, ಫೋಟೊ ನೋಡಿದರೆ ಯಾವ ಲೆನ್ಸಿನದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ದುಡ್ಡಿಗೆ ಬಾಡಿಯೂ ಬಂತು.

ಸ್ಟುಡಿಯೋಮಾವ
ಅಯ್ಯೋ, ಹುಡುಗನಿಗೆ ಅದನ್ನು ಮಾತ್ರ ಹೇಳಬೇಡ. ಆ ಲೆನ್ಸಿನಲ್ಲಿ ಮೋಟರಿಲ್ಲ, ಬಾಡಿಯ ಮೋಟರು ಒಂದು ಸ್ಕ್ರೂ ತಿರುಗಿಸಿ ಫೋಕಸ್ ಮಾಡಿಸಬೇಕು. ಡಿ5600ರಲ್ಲಿ ಆ ಮೋಟರೇ ಇಲ್ಲ. ನಿಕಾನಿನ ಡಿ3000, ಡಿ5000 ಸಾಲಿನ ಯಾವುದರಲ್ಲೂ ಇಲ್ಲ. ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. ಡಿ500, ಡಿ750ರಲ್ಲಿ ನಡೆಯುತ್ತದೆ, ಆದರೆ ನಾಳೆ ಎಫ್‌ಟಿಝಡ್ ಹಾಕಿದರೆ ಅಲ್ಲೂ ಆಟೊಫೋಕಸ್ ಇಲ್ಲ. ಅಗ್ಗ ಅಂತ ತಂದು ಕಪಾಟಿನಲ್ಲಿಡುವುದು ಬೇಡ.

ಹಳೇಗಾಜು
ಹೌದು, ಡಿ5600 ಅನ್ನೋದು ಮರೆತೇ ಹೋಯಿತು. ಮಾತು ವಾಪಸ್.

ಕನ್ನಡಿಯಿಲ್ಲದವ
ಶಬ್ದದ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಚೌಕಿಮನೆ
ಕೊಡುತ್ತೇನೆ. ಆಟದಲ್ಲಿ ಚಂಡೆ ಬಡಿಯುವಾಗ ನಿಮ್ಮ ಕನ್ನಡಿ ಟಪ್ ಅಂದರೆ ಪಕ್ಕದವನಿಗೂ ಕೇಳುವುದಿಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಮಾತ್ರ ನೀವು ಹೇಳುವುದು ನೂರಕ್ಕೆ ನೂರು ನಿಜ. ಕರ್ಣ ತನ್ನ ಹುಟ್ಟಿನ ಮಾತು ಆಡುತ್ತಿರುತ್ತಾನೆ, ಇಡೀ ಸಭೆ ಉಸಿರು ಬಿಗಿಹಿಡಿದಿರುತ್ತದೆ, ಆಗ ನಾನು ಒಂದು ಕ್ಲಿಕ್ ಒತ್ತಿದೆ. ಅರ್ಥಧಾರಿಗಳು ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು, ಅಷ್ಟೇ, ಏನೂ ಅನ್ನಲಿಲ್ಲ. ಅವತ್ತು ಕ್ಯಾಮೆರಾ ಚೀಲಕ್ಕೆ ಹಾಕಿದವಳು ಹೊರಗೆ ತೆಗೆಯಲಿಲ್ಲ.

ಆದರೆ ಮಿರರ್‌ಲೆಸ್‌ನ ಸೈಲೆಂಟ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ಝಡ್6ರಂಥದ್ದರಲ್ಲಿ ಆ ಓದು ನಿಧಾನ. ಮಿನುಗುವ ಲೈಟಿನಡಿ ಅದೇ ಶಟರ್ ಬಳಸಿದರೆ ಫೋಟೊ ತುಂಬ ಅಡ್ಡ ಪಟ್ಟಿ. 1/100 ಅಥವಾ 1/50ಕ್ಕೆ ಇಳಿದರೆ ಪಟ್ಟಿ ತಗ್ಗುತ್ತದೆ, ತಾಳಮದ್ದಳೆಯಲ್ಲಿ ಎಲ್ಲರೂ ಕೂತಿರುತ್ತಾರೆ, ನಡೆಯುತ್ತದೆ. ಡಿಎಸ್‌ಎಲ್‌ಆರ್ ಆದರೆ ಕ್ವಯಟ್ ಮೋಡ್ ಹಾಕಿ ಮಾತು ಮುಗಿದು ಪದ ಶುರುವಾಗುವ ತನಕ ಕಾಯಬೇಕು.

ಕನ್ನಡಿಯಿಲ್ಲದವ
ಪಟ್ಟಿಯ ವಿಷಯ ಒಪ್ಪಿದೆ. ನಾನು ತೆಗೆಯುವುದು ಹಕ್ಕಿ, ಬಿಸಿಲಲ್ಲಿ. ಎಲ್‌ಇಡಿಯ ಸಹವಾಸ ಇಲ್ಲ.

ದೋಹಾದಿಂದ
ಊರಿನ ಮೇಳದ ಫೋಟೊ ಅಂತ ಓದಿ ಖುಷಿಯಾಯಿತು. ರಜೆಗೆ ಬರುವಾಗ ಇಲ್ಲಿಂದ ಹೊಸ ಲೆನ್ಸ್ ತಂದು ಕೊಡಲಾ? ಬೆಲೆ ಊರಿಗಿಂತ ಕಡಿಮೆ ಇದೆ.

ಸ್ಟುಡಿಯೋಮಾವ
ನಿಮ್ಮ ಮನಸ್ಸು ದೊಡ್ಡದು. ಆದರೆ ವಿಮಾನ ನಿಲ್ದಾಣದಲ್ಲಿ ಸುಂಕದ ಮಿತಿ ದಾಟಿದರೆ ಕಟ್ಟಬೇಕು, ಊರಲ್ಲಿ ಕೆಟ್ಟರೆ ಅಲ್ಲಿನ ವಾರಂಟಿ ಅನ್ವಯಿಸುತ್ತದಾ ಅಂತ ಬಿಲ್ ಮಾಡಿಸುವ ಮೊದಲೇ ಬರೆಸಿ ಕೇಳಬೇಕು. ಅದೆಲ್ಲ ಸೇರಿಸಿದರೆ ಉಳಿತಾಯ ಅಷ್ಟೇನೂ ಇರುವುದಿಲ್ಲ.

ಹಳೇಗಾಜು
80-200 ಹೇಳಿ ತಪ್ಪು ಮಾಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ ನನ್ನದೊಂದು ಕಥೆ. ಮೂರು ವರ್ಷದ ಹಿಂದೆ ಒಂದು 70-200 ತಗೊಂಡೆ. ಮಾರಿದವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಸಂಜೆ ಏಳು ಗಂಟೆ, ಬಸ್ಸಿಗೆ ಹೊತ್ತಾಗಿತ್ತು. ಹೊರಗೆ ಮಿರಮಿರ ಮಿನುಗುತ್ತಿತ್ತು, ಡಬ್ಬ ಇತ್ತು, ಬಿಲ್ ಇತ್ತು. ಎರಡು ಫೋಟೊ ಹೊಡೆದೆ, ಚೆನ್ನಾಗಿತ್ತು. ದುಡ್ಡು ಕಳಿಸಿದೆ.

ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡುತ್ತೇನೆ, ಒಳಗಿನ ಗಾಜಿನ ಮೇಲೆ ಜೇಡರ ಬಲೆ. ನಿಜವಾದ ಬಲೆಯಲ್ಲ, ಫಂಗಸ್. ಅಂಚಿನಿಂದ ನಡುವಿಗೆ ಕೂದಲಿನಷ್ಟು ಸಣ್ಣ ಬಿಳಿ ಎಳೆಗಳು ಕವಲೊಡೆದು ಬಂದಿದ್ದವು. ಹಗಲಲ್ಲಿ ಫೋಟೊ ಚೆನ್ನಾಗಿಯೇ ಬರುತ್ತಿತ್ತು, ಸ್ಟೇಜಿನ ಲೈಟು ಎದುರಿಗೆ ಬಂದರೆ ಮಾತ್ರ ಇಡೀ ಫೋಟೊಕ್ಕೆ ಹಾಲು ಚೆಲ್ಲಿದ ಹಾಗೆ. ರಿಪೇರಿಯವರು ಬಿಚ್ಚಿ ಒರೆಸಿ ಕೊಟ್ಟರು, 6,500 ರೂಪಾಯಿ ಆಯಿತು. ಎಳೆ ಹೋಯಿತು, ಅದು ತಿಂದ ಕೋಟಿಂಗಿನ ಗುರುತು ಹಾಗೇ ಇದೆ.

ಹಾಗಾಗಿ ತಮ್ಮಾ, ಹಗಲಲ್ಲೇ ಹೋಗು, ಒಂದು ಗಂಟೆ ಬಿಡುವು ಇಟ್ಟುಕೊಂಡು ಹೋಗು, ನಿನ್ನ ಡಿ5600 ತಗೊಂಡು ಹೋಗು. ಟಾರ್ಚ್ ಬಿಡು, ಎರಡೂ ಕಡೆಯಿಂದ. ಜೂಮ್ ಉಂಗುರ ತಿರುಗಿಸುವಾಗ ಎಲ್ಲಾದರೂ ತಡೆಯುತ್ತದಾ ನೋಡು. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇರಬಾರದು. 200ರಲ್ಲಿ 2.8 ಇಟ್ಟು ಒಂದು ಪೇಪರಿನ ಅಕ್ಷರಕ್ಕೆ ಫೋಕಸ್ ಮಾಡಿ ಹತ್ತು ಫೋಟೊ ತೆಗೆ, ಫೋಕಸ್ ಮುಂದೋ ಹಿಂದೋ ಹೋದರೆ ಬಿಟ್ಟು ಬಾ. ಡಿ5600ರಲ್ಲಿ ಅದನ್ನು ತಿದ್ದುವ ಸೌಲಭ್ಯ ಇಲ್ಲ. ಟ್ಯಾಮ್ರಾನ್ ಜಿ2 ಆದರೆ ಅವರದೇ ಒಂದು ಚಿಕ್ಕ ಡಾಕ್ ಬರುತ್ತದೆ, ಕಂಪ್ಯೂಟರಿಗೆ ಜೋಡಿಸಿ ತಿದ್ದಬಹುದು. ಮುಂದೆ ಬಾಡಿ ತಗೊಳ್ಳುವಾಗ ಎಫ್ 16ರಲ್ಲಿ ಆಕಾಶದ ಒಂದು ಫೋಟೊ ತೆಗೆದರೆ ಸೆನ್ಸರಿನ ಕೊಳೆ ಎಲ್ಲ ಕಾಣುತ್ತದೆ. ಎಷ್ಟು ಸಲ ಶಟರ್ ಹೊಡೆದಿದೆ ಅನ್ನುವುದು ನಿಕಾನಿನಲ್ಲಿ ಫೋಟೊ ಫೈಲಿನೊಳಗೇ ಬರೆದಿರುತ್ತದೆ. ಡಿ500ಕ್ಕೆ ಕಂಪನಿ ಪರೀಕ್ಷೆ ಮಾಡಿರುವುದು 2 ಲಕ್ಷಕ್ಕೆ. ಮದುವೆಗೆ ದುಡಿದ ಬಾಡಿ ಆದರೆ ಅದರ ಹತ್ತಿರ ಹೋಗಿರುತ್ತದೆ.

ಘಟ್ಟದಮೇಲೆ
ಶಿರಸಿಯಿಂದ. ಫಂಗಸ್ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಲೆನ್ಸ್ ಯಾವ ಲೆಕ್ಕ. ತಂದ ಮೇಲೆ ಎಲ್ಲಿ ಇಡುತ್ತೀರಿ ಅಂತ ಮೊದಲೇ ಯೋಚಿಸಿ. ಕ್ಯಾಮೆರಾ ಚೀಲದಲ್ಲಿ ಇಟ್ಟರೆ ಕೆಟ್ಟಿತು, ಚರ್ಮದ ಕೇಸ್ ಇನ್ನೂ ಕೆಟ್ಟದ್ದು. ಅಕ್ಕಿ ಡಬ್ಬದಲ್ಲಿ ಇಡುವವರಿದ್ದಾರೆ, ಅಕ್ಕಿಯ ಹಿಟ್ಟು ಜೂಮ್ ಉಂಗುರದೊಳಗೆ ಹೋಗುತ್ತದೆ. ನಮ್ಮ ಚಿಕ್ಕಪ್ಪನ ಸ್ಟುಡಿಯೋದಲ್ಲಿ ಮರದ ಕಪಾಟಿನೊಳಗೆ ಒಂದು ಜೀರೊ ಬಲ್ಬು ಮಳೆಗಾಲ ಪೂರ್ತಿ ಉರಿಯುತ್ತಿತ್ತು, ಅವರ ಲೆನ್ಸುಗಳಿಗೆ ಏನೂ ಆಗಲಿಲ್ಲ.

ನಾನು ಮಾಡುವುದು ಇಷ್ಟು: ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಲು ಕೆಜಿ, ಒಳಗೆ ತೇವ ಅಳೆಯುವ ಒಂದು ಚಿಕ್ಕ ಮೀಟರು. ತೇವ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕುತ್ತೇನೆ. ಅಡುಗೆಯ ಬಾಣಲೆಯಲ್ಲ, ಅದಕ್ಕೇ ಒಂದು ಹಳೇದು ಇಟ್ಟಿದ್ದೇನೆ.

ಶರಾವತಿದಂಡೆ
ಎಲ್ಲರಿಗೂ ವರದಿ ಒಪ್ಪಿಸಬೇಕು. ಲೆನ್ಸ್ ತಗೊಂಡೆ! ನಿಕಾನ್ 70-200 ವಿಆರ್ 2, ಕುಮಟಾದ ಕಡೆಯ ಮದುವೆ ಫೋಟೊಗ್ರಾಫರ್ ಒಬ್ಬರದು, 66,000ಕ್ಕೆ ಕೊಟ್ಟರು. ನಾನು ಟಾರ್ಚ್ ತೆಗೆದದ್ದು ನೋಡಿ ಅವರು ನಕ್ಕು "ಯಾರು ಹೇಳಿಕೊಟ್ಟರು?" ಅಂದರು. ಒಳಗೆ ಎರಡು ಧೂಳಿನ ಕಣ ಬಿಟ್ಟರೆ ಏನೂ ಇಲ್ಲ. ಟ್ಯಾಮ್ರಾನ್ ಕೂಡ ನೋಡಿದೆ, ಅದರ ಜೂಮ್ ಉಂಗುರ ಸ್ವಲ್ಪ ಬಿಗಿ ಅನ್ನಿಸಿತು. ಒಂದು ವಿಚಿತ್ರ ಅಂದರೆ ಈ ವಿಆರ್ 2ರಲ್ಲಿ ತೀರಾ ಹತ್ತಿರಕ್ಕೆ ಫೋಕಸ್ ಮಾಡಿದರೆ 200 ಅನ್ನುವುದು 200ರ ಥರ ಕಾಣುವುದಿಲ್ಲ, ದೂರ ಹೋದ ಹಾಗಿರುತ್ತದೆ.

ಶನಿವಾರ ರಾತ್ರಿ ಆಟಕ್ಕೆ ಹೋದೆ. ಚೌಕಿಮನೆ ಅಕ್ಕ ಹೇಳಿದ್ದನ್ನು ಮರೆತು ಮುಂದಿನ ಸಾಲಿನಲ್ಲೇ ಕೂತೆ. ಮೊದಲ ಇಪ್ಪತ್ತು ಫೋಟೊದಲ್ಲಿ ಒಂದಕ್ಕೂ ಕಿರೀಟದ ತುದಿ ಇಲ್ಲ. ಐದನೇ ಸಾಲಿಗೆ ಹೋದೆ, ಅಲ್ಲಿ ಹಿಂದಿನ ಅಜ್ಜ "ತಮಾ, ತಲೆ ತಗ್ಗಿಸೋ" ಅಂತ ಮೂರು ಸಲ ಹೇಳಿದರು, ಕೊನೆಗೆ ಚಾಪೆಯ ಮೇಲೆ ಕೂತೆ. ಎಫ್ 2.8, 1/400, ಐಎಸ್‌ಒ 3200. ತೆಗೆದದ್ದು 160, ಇಟ್ಟುಕೊಂಡದ್ದು 38. ಮಂಡಿ ಹಾಕುವಾಗಿನ ಒಂದು ಫೋಟೊದಲ್ಲಿ ಬೆವರಿನ ಹನಿ ಗಲ್ಲದ ಬಣ್ಣ ಸೀಳಿಕೊಂಡು ಇಳಿದದ್ದು ಕಾಣುತ್ತದೆ. ಹಳದಿ ಮುಖಗಳು ಇನ್ನೂ ಇವೆ. ಹಾಗಾಗಿ ಬಾಡಿ ಡಿ500 ಅಂತ ಮನಸ್ಸಾಗಿದೆ, ಆದರೆ ಈ ತಿರುಗಾಟ ಮುಗಿದು ಮೇ ಕೊನೆಗೆ ಮೇಳದವರು ಗೆಜ್ಜೆ ಬಿಚ್ಚಲಿ, ಮಳೆಗಾಲದಲ್ಲಿ ಆರಾಮವಾಗಿ ಹುಡುಕುತ್ತೇನೆ. ಡಬ್ಬ ಮತ್ತು ಸಿಲಿಕಾ ಜೆಲ್ ಬಂದಾಯಿತು.

ಮನೆಯಲ್ಲಿ ಹಳೇ ಲೆನ್ಸೇ ಅಂತ ಹೇಳಿದ್ದೇನೆ. ಅಮ್ಮ ಎತ್ತಿ ನೋಡಿ "ಹಳೇದು ಯಾವಾಗ ಇಷ್ಟು ಭಾರ ಆಯಿತು?" ಅಂದರು.

ಸ್ಟುಡಿಯೋಮಾವ
ಅಮ್ಮನದೇ ಒಂದು ಚಂದದ ಫೋಟೊ ತೆಗೆದು ಕೊಡು. ಆಮೇಲೆ ಬೆಲೆ ಹೇಳು, ಬೈಗುಳ ಕಡಿಮೆ ಇರುತ್ತದೆ.

ಶರಾವತಿದಂಡೆ
ತೆಗೆದೆ ಮಾವ. ನೋಡಿ, "ಹಳೇದೇ ಚೆನ್ನಾಗಿತ್ತು, ಅದರಲ್ಲಿ ಇಷ್ಟು ಸುಕ್ಕು ಬರುತ್ತಿರಲಿಲ್ಲ" ಅಂದರು.